ಎದುರಿನ ಕುರ್ಚಿ

ವಿದ್ಯಾಧೀಶನ ಮೇಜಿನ ಎದುರು ಒಂದು ಕುರ್ಚಿ ಇತ್ತು. ಪ್ಲಾಸ್ಟಿಕ್ ವೈರು ಹೆಣೆದದ್ದು, ಎಡಗಡೆಯ ಕೈ ಸ್ವಲ್ಪ ಸಡಿಲ. ತನ್ನ ಬದುಕು ಮುಂದಕ್ಕೆ ಹೋಗದಿರುವುದೆಲ್ಲ ಆ ಕುರ್ಚಿಯ ದೆಸೆಯಿಂದ ಎಂಬುದು ನಲವತ್ತು ದಾಟುವತನಕ ಅವನಿಗೆ ತಿಳಿದಿರಲಿಲ್ಲ. ಅದನ್ನು ತಿಳಿಸಲು ಬೆಂಗಳೂರಿನಿಂದ ಒಬ್ಬ ಟೈ ಕಟ್ಟಿಕೊಂಡು ಬರಬೇಕಾಯಿತು.

ಆಫೀಸು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿತ್ತು. ಧಣಿಯ ಹೆಸರು ಬಸವಕುಮಾರ್. ಅವನ ತಂದೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡು ಮರ್ಯಾದೆಯಿಂದ ಬಾಳಿದವರು. ಚೀನಾದವರು ನಮ್ಮ ಕೆಂಪು ಮಣ್ಣಿಗೆ ಬೆಲೆ ಕಟ್ಟತೊಡಗಿದ್ದೇ ತಡ, ಮಗ ಗಿರಣಿಗೆ ಬೀಗ ಜಡಿದು ಲಾರಿ ಕೊಂಡ. ಮೊದಮೊದಲು ಎಣಿಸುತ್ತಿದ್ದ, ಆಮೇಲೆ ಎಣಿಸುವುದನ್ನೂ ಬಿಟ್ಟ. ಸಂಡೂರಿನ ಗುಡ್ಡದಿಂದ ಅದಿರು ಹೇರಿಕೊಂಡು ಇಳಿಯುವ ಆ ಲಾರಿಗಳಲ್ಲಿ ಯಾವುದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಯಾವುದು ಗೂಡ್ಸ್ ರೈಲಿಗೆ ತುಂಬುವ ಸೈಡಿಂಗಿಗೆ, ಯಾವುದು ಮೊದಲು, ಯಾವುದು ಆಮೇಲೆ ಎಂದು ನೋಡಿಕೊಳ್ಳುವ ಕೆಲಸ ವಿದ್ಯಾಧೀಶನದು. ಅದಿರು ಸಾಗಿಸುವ ಪರ್ಮಿಟ್ಟುಗಳ ಮೇಲೆ ಕಂಪನಿಯ ಪರವಾಗಿ ಸಹಿ ಹಾಕುವವನೂ ಅವನೇ.

ಮನುಷ್ಯ ಒಳ್ಳೆಯವನು ಎಂದು ಊರೆಲ್ಲ ಹೇಳುತ್ತಿತ್ತು. ಅಂದರೆ, ಯಾರಿಗೂ ಇಲ್ಲ ಎನ್ನಲು ಬಾರದವನು. ಮೇಜಿನ ಹತ್ತಿರ ಯಾರು ಸುಳಿದರೂ ‘ಬರ್ರಿ, ಕುಂದ್ರಿ’ ಎನ್ನದೆ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಕೂತವರು ಚಹಾ ಕುಡಿಯುತ್ತಿದ್ದರು. ಮಗಳಿಗೆ ಬಂದ ಸಂಬಂಧ, ಎಮ್ಮೆಯ ಕಾಯಿಲೆ, ಅಳಿಯನ ಕುಡಿತ ಎಲ್ಲ ಆದ ಮೇಲೆ, ಎದ್ದು ಹೋಗುವಾಗ ತಿರುಗಿ ನಿಂತು ಬಂದ ಕೆಲಸ ಹೇಳುತ್ತಿದ್ದರು. ಆ ಸೀಮೆಯ ರೂಢಿಯೇ ಹಾಗೆ. ಕೂರು ಎನ್ನಿಸಿಕೊಳ್ಳದೆ ಯಾರೂ ಬಾಯಿ ಬಿಡುವುದಿಲ್ಲ. ಒಳ್ಳೆಯ ಸುದ್ದಿಯಾದರೆ ಬೀದಿಯಿಂದಲೇ ಕೂಗಿಯಾರು, ಕೆಟ್ಟದ್ದನ್ನು ಮಾತ್ರ ಕೂತೇ ಹೇಳಬೇಕು, ಕೂತೇ ಕೇಳಬೇಕು. ‘ಇದು ನಿಂತು ಹೇಳೋ ಮಾತಲ್ಲ’ ಎಂದು ಯಾರಾದರೂ ಅಂದರೆ, ಕೈಯಲ್ಲಿದ್ದದ್ದನ್ನು ಬಿಟ್ಟು ಚಾಪೆ ಹಾಸುವ ಜನ ಅವರು.

ಆ ಕುರ್ಚಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೂತವನು ಉಚ್ಚೆಂಗೆಪ್ಪ, ಧಣಿಯ ಕಾರಿನ ಡ್ರೈವರ್. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಸ್ಟಿಯರಿಂಗ್ ಮುಂದೆ ಬಿಟ್ಟರೆ ಉಚ್ಚೆಂಗೆಪ್ಪ ಬೇರೆಲ್ಲ ಕಡೆ ನಿಂತೇ ಇರಬೇಕು. ಧಣಿಯ ಅಂಗಳದಲ್ಲಿ ನಿಂತು, ಅಕೌಂಟ್ಸಿನವರ ಮುಂದೆ ನಿಂತು, ಚಹಾದಂಗಡಿಯಲ್ಲೂ ಒಂದು ಮಾರು ದೂರ ನಿಂತು. ಅವನ ಕೇರಿಯವರಿಗೆ ಕುರ್ಚಿ ಎಳೆದು ಕೂರಿಸುವ ಜಾಗ ಆಗಲೂ ಕಡಿಮೆಯೇ. ವಿದ್ಯಾಧೀಶ ಮಠದ ಆಚಾರರ ಮನೆತನದವನು, ಮನೆಯಲ್ಲಿ ಮಡಿ ಮೈಲಿಗೆ ಎಲ್ಲ ಇತ್ತು. ಆದರೆ ಆಫೀಸಿನಲ್ಲಿ ಮೊದಲ ದಿನವೇ ‘ಕುಂದ್ರೋ ಉಚ್ಚೆಂಗೆಪ್ಪ, ಎಷ್ಟೊತ್ತು ನಿಲ್ತಿ’ ಅಂದಿದ್ದ. ಅಂದಿನಿಂದ ಅವನಿಗೆ ಇವನು ‘ನಮ್ಮ ಆಚಾರ್ರು’. ವಿದ್ಯಾಧೀಶನ ಹೆಂಡತಿ ಶ್ರೀಪ್ರಿಯಾಳಿಗೆ ಹೆರಿಗೆ ನೋವು ಬಂದಾಗ ಧಣಿಯನ್ನು ಕೇಳದೆ ಕಾರು ತೆಗೆದು ಬಳ್ಳಾರಿಯ ಆಸ್ಪತ್ರೆಗೆ ಮುಟ್ಟಿಸಿ, ಬಂದು ಬೈಸಿಕೊಂಡವನು ಅವನೇ.

ಒಂದು ದಿನ ಧಣಿ ವಿದ್ಯಾಧೀಶನನ್ನು ಒಳಗೆ ಕರೆದ.

“ಆಚಾರ್ರ, ನಿಮ್ಮ ಟೇಬಲ್ ಏನು ಬಸ್‌ಸ್ಟ್ಯಾಂಡ್ ಏನ್ರಿ? ಗಾಡಿ ನಿಂತಾವ, ಮಂದಿ ಕುಂತಾರ. ವಡ್ಡು ಊರ ಹತ್ರ ಅದಿರು ಹಾಕಾಕ ಹೊಸ ಯಾರ್ಡ್ ಮಾಡಾಕತ್ತೀನಿ, ಅದಕ್ಕ ಮ್ಯಾನೇಜರ್ ಬೇಕು. ಜೀಪು ಕೊಡ್ತೀನಿ. ನಿಮ್ಮನ್ನ ಮಾಡಬೇಕಂತ ಮನಸೈತಿ. ಆದ್ರ ಒಂದು ಟೇಬಲ್ ಹಿಡಿತದಾಗ ಇಟ್ಕಳ್ಳಾರದಾಂವ ಯಾರ್ಡ್ ಏನು ನೋಡ್ತಾನ? ದೀಪಾವಳಿತನಕ ನೋಡ್ತೀನಿ. ಆಗಲಿಲ್ಲಂದ್ರ ಈ ಟೇಬಲ್ಲೂ ಬ್ಯಾರೇದವರಿಗೆ ಕೊಡ್ತೀನಿ.”

ಗಾಡಿ ನಿಲ್ಲಲು ಇನ್ನೊಂದು ಕಾರಣವಿತ್ತು. ಅದನ್ನು ಧಣಿ ಹೇಳಲಿಲ್ಲ. ವಿದ್ಯಾಧೀಶ ಪರ್ಮಿಟ್ಟುಗಳನ್ನು ಒಂದೊಂದಾಗಿ ಓದಿ ಸಹಿ ಹಾಕುತ್ತಿದ್ದ. ಆಗೀಗ ಒಂದೇ ನಂಬರಿನವು ಎರಡು ಬಂದರೆ ಒಂದನ್ನು ಪಕ್ಕಕ್ಕಿಟ್ಟು, ‘ಧಣೇರ, ಇದು ಎರಡು ಸಲ ಬಂದದ ನೋಡ್ರಿ’ ಎಂದು ಮುಗ್ಧನಂತೆ ಒಯ್ದು ಕೊಡುತ್ತಿದ್ದ. ಧಣಿ ‘ಹೌದೇನು’ ಎಂದು ಹರಿದು ಹಾಕುತ್ತಿದ್ದ. ಒಂದು ಲೋಡಿಗೆ ಸರ್ಕಾರಕ್ಕೆ ರಾಜಧನ ಕಟ್ಟಿ, ಅದರ ನಕಲಿನ ಮೇಲೆ ಇನ್ನೊಂದು ಲೋಡು ಸಾಗಿಸುವುದು ಆ ಕಾಲದಲ್ಲಿ ಎಷ್ಟೋ ಧಣಿಗಳಿಗೆ ಗೊತ್ತಿದ್ದ ವಿದ್ಯೆ. ಇದು ವಿದ್ಯಾಧೀಶನಿಗೂ ಅರ್ಧ ಗೊತ್ತಿತ್ತು. ಉಳಿದರ್ಧ ಗೊತ್ತಾಗದಿರಲಿ ಎಂದು ಅವನು ಸುಮ್ಮನಿದ್ದ.

ಧಣಿಯೇ ಖರ್ಚು ಕೊಟ್ಟು ಅವನನ್ನು ಹೊಸಪೇಟೆಯ ದೊಡ್ಡ ಹೋಟೆಲೊಂದರಲ್ಲಿ ನಡೆದ ತರಬೇತಿಗೆ ಕಳಿಸಿದ. ಸಭಾಂಗಣದಲ್ಲಿ ಎಸಿಯ ಚಳಿ. ಟೈ ಕಟ್ಟಿದವನು ಎಲ್ಲರನ್ನೂ ಒಮ್ಮೆ ನೋಡಿ, “ನಿಮ್ಮ ಸಮಯವನ್ನು ದಿನಾ ಯಾರೋ ಕದೀತಾ ಇದಾರೆ. ಕಳ್ಳನ್ನ ಕೂರಿಸಿ ಕಾಫಿ ಕೊಡ್ತೀರಾ?” ಎಂದು ಕೇಳಿದ. ವಿದ್ಯಾಧೀಶನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ದಿನವೂ ಅವನು ಮಾಡುತ್ತಿದ್ದದ್ದು ಅದನ್ನೇ. ಎದುರಿನ ಕುರ್ಚಿ ತೆಗೆಸಿಬಿಡಬೇಕು, ನಿಂತವನು ಒಂದು ನಿಮಿಷದಲ್ಲಿ ಮುಗಿಸುತ್ತಾನೆ ಎಂದ ಟೈನವನು. ಒಂದು ಕಾಗದವನ್ನು ಒಂದೇ ಸಲ ಮುಟ್ಟಬೇಕು, ಎರಡನೇ ಸಲ ನೋಡುವುದೆಂದರೆ ನಿಮ್ಮ ಮೇಲೆ ನಿಮಗೇ ನಂಬಿಕೆಯಿಲ್ಲ ಅಂತ ಅರ್ಥ ಎಂದ. ಆಫೀಸು ಮನೆಯ ಹೊಸಿಲು ದಾಟಬಾರದು ಎಂದ. ವಿದ್ಯಾಧೀಶ ಪಾಠ ಒಪ್ಪಿಸುವ ಹುಡುಗನಂತೆ ಎಲ್ಲವನ್ನೂ ತುಟಿಯಲ್ಲೇ ಹೇಳಿಕೊಂಡ.

ಮರುದಿನ ಬೆಳಿಗ್ಗೆ ಪ್ಯೂನ್ ಹಾಲಸ್ವಾಮಿಯನ್ನು ಕರೆದು ಕುರ್ಚಿ ಎತ್ತು ಎಂದ.

“ಎಲ್ಲಿ ಇಡಲ್ರಿ ಆಚಾರ್ರ?”

“ಎಲ್ಲಿಗಾದ್ರೂ ಒಯ್ಯಿ. ಮತ್ತ ಇವತ್ತಿಂದ ಆಚಾರ್ರು ಅನಬ್ಯಾಡ. ಸರ್ ಅನ್ನು.”

ಕುರ್ಚಿ ಲಾರಿ ಶೆಡ್ಡಿನ ಬೇವಿನ ಮರದ ಕೆಳಗೆ ಹೋಗಿ ಧೂಳು ಕುಡಿಯತೊಡಗಿತು.

ಮೊದಲು ಬಂದವಳು ಕೊಟ್ರಬಸಮ್ಮ. ಗಂಡ ಇದೇ ಕಂಪನಿಯ ಲಾರಿಯ ಜೊತೆ ಸಂಡೂರು ಘಾಟಿನಲ್ಲಿ ಉರುಳಿ ಸತ್ತಿದ್ದ. ಯಾರ್ಡಿನಲ್ಲಿ ಒಂದು ಕೆಲಸ ಕೊಡಿಸುತ್ತೇನೆ ಎಂದು ವಿದ್ಯಾಧೀಶನೇ ಬಾಯಿಮಾತು ಕೊಟ್ಟಿದ್ದ. ಬಂದಾಗಲೆಲ್ಲ ಅವಳು ಕೂತು, ಸೆರಗಿನಿಂದ ಮೂಗು ಒರೆಸಿಕೊಂಡು, ಅತ್ತು, ಹಗುರಾಗಿ ಹೋಗುತ್ತಿದ್ದಳು. ಅಂದು ಅವಳು ಬಾತ ಕಾಲಿನಲ್ಲಿ ನಿಂತು, ಕುರ್ಚಿ ಇದ್ದ ಜಾಗವನ್ನು ನೋಡಿ, ಅವನ ಮುಖ ನೋಡಿ, ಮತ್ತೆ ಜಾಗವನ್ನು ನೋಡಿದಳು.

“ಹೇಳ್ರಿ. ಒಂದ ನಿಮಿಷ ಅದ,” ಎಂದ ವಿದ್ಯಾಧೀಶ, ತಲೆಯೆತ್ತದೆ.

ಅಳುವುದಕ್ಕೂ ಕೂರಬೇಕು. ನಿಂತವರಿಗೆ ಅದು ಬರುವುದಿಲ್ಲ. ಅವಳು ಎರಡು ಸಲ ಬಾಯಿ ತೆರೆದು ಮುಚ್ಚಿ, “ಆತು ಬಿಡ್ರಿ” ಎಂದು ಗೋಡೆ ಹಿಡಿದುಕೊಂಡು ಹೋದಳು. ಮತ್ತೆ ಆ ಕಡೆ ಬರಲಿಲ್ಲ.

ಅಂದು ವಿದ್ಯಾಧೀಶನಿಗೆ ಆದ ಸಂತೋಷವನ್ನು ಮುಚ್ಚಿಡುವುದೇಕೆ? ಇಷ್ಟು ಸುಲಭವಿತ್ತೇ ಎಂದು ಅವನಿಗೆ ನಗು ಬಂತು. ಅಷ್ಟು ವರ್ಷ ತನ್ನ ಕರುಣೆ ತನ್ನ ಎದೆಯಲ್ಲಿದೆ ಎಂದುಕೊಂಡಿದ್ದ. ಅದು ಕುರ್ಚಿಯಲ್ಲಿತ್ತು, ಹಾಲಸ್ವಾಮಿ ಎತ್ತಿಕೊಂಡು ಹೋದ. ವಾರ ಕಳೆಯುವುದರೊಳಗೆ ಜನ ಅವನ ಮುಂದೆ ಕೈಕಟ್ಟಿ, ಬಂದ ಕೆಲಸವನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ನಿಲ್ಲತೊಡಗಿದರು. ತೊದಲುವವರನ್ನು ಅವನು ಗಡಿಯಾರ ತೋರಿಸಿ ಕಳಿಸುತ್ತಿದ್ದ. ಅವರ ಮುಖ ಕುಗ್ಗುವುದನ್ನು ನೋಡಲು ಮಾತ್ರ ತಪ್ಪದೆ ತಲೆಯೆತ್ತುತ್ತಿದ್ದ.

ಪರ್ಮಿಟ್ಟುಗಳ ಕಥೆಯೂ ಅಷ್ಟೇ. ಬೆಳಿಗ್ಗೆ ಬಂದವನೇ ದಿನದ ಕಟ್ಟನ್ನೆಲ್ಲ ಮುಂದಿಟ್ಟುಕೊಂಡು, ನಂಬರು ನೋಡದೆ, ಒಂದರ ಹಿಂದೊಂದು ಸಹಿ ಹಾಕಿ ಪಕ್ಕಕ್ಕೆ ತಳ್ಳುತ್ತಿದ್ದ. ಒಂದು ಕಾಗದ, ಒಂದೇ ಸಲ. ಸಂಜೆಗೆ ಹೊರಡುತ್ತಿದ್ದ ಲಾರಿಗಳು ಮಧ್ಯಾಹ್ನಕ್ಕೇ ಹೊರಟವು. ಧಣಿ ಎಷ್ಟು ಮೆಚ್ಚಿದನೆಂದರೆ, ತನ್ನ ಕೋಣೆಯಲ್ಲಿದ್ದ ಎದುರಿನ ಕುರ್ಚಿಗಳನ್ನೂ ತೆಗೆಸಿ, “ಶಿಷ್ಯ ಆಗಿಬಿಟ್ಟೆ ನೋಡ್ರಿ ನಿಮಗ” ಎಂದು ಬೆನ್ನು ತಟ್ಟಿದ.

ದಸರೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಉಚ್ಚೆಂಗೆಪ್ಪ ಬಂದು ನಿಂತ. ಅವನ ಹಿಂದೆ ಲಾರಿಯವರು ಮೂವರು ಸರದಿಯಲ್ಲಿದ್ದರು. ಬಾಗಿಲಲ್ಲಿ ಹಾಲಸ್ವಾಮಿ. ವಿದ್ಯಾಧೀಶ ಸಹಿ ಹಾಕುತ್ತಿದ್ದ.

“ಏನಪಾ, ಹೇಳು.”

ಉಚ್ಚೆಂಗೆಪ್ಪ ಸುತ್ತ ನೋಡಿದ. ಅವನ ಕಣ್ಣು ಪರ್ಮಿಟ್ಟಿನ ಕಟ್ಟಿನ ಮೇಲೆ ಬಂದು ನಿಂತಿತು.

“ಆಚಾರ್ರ, ಒಂಚೂರು ಹೊರಗ ಬರ್ತೀರೇನು?”

“ಇಲ್ಲೇ ಹೇಳು. ಒಂದ ನಿಮಿಷ ಅದ. ಸರ್ ಅನ್ನೋದು ಕಲಿ.”

ಉಚ್ಚೆಂಗೆಪ್ಪ ಒಂದು ಹೆಜ್ಜೆ ಮುಂದೆ ಬಂದು ದನಿ ತಗ್ಗಿಸಿದ. “ಸರ್, ಇದು ನಿಂತು ಹೇಳೋ ಮಾತಲ್ರಿ.”

ಹಳೆಯ ವಿದ್ಯಾಧೀಶನಾಗಿದ್ದರೆ ಪೆನ್ನು ಕೆಳಗಿಡುತ್ತಿದ್ದ. ಅವನ ಕೈಯೂ ಒಂದು ಕ್ಷಣ ತಡೆಯಿತು, ಸುಳ್ಳೇಕೆ ಹೇಳಬೇಕು. ಆದರೆ ಲಾರಿಯವರು ನೋಡುತ್ತಿದ್ದರು. ಇವನೊಬ್ಬನಿಗೆ ಸಡಿಲ ಬಿಟ್ಟರೆ ನಾಳೆ ಎಲ್ಲರಿಗೂ ಕುರ್ಚಿ ಬೇಕಾಗುತ್ತದೆ.

“ಹಂಗಾದ್ರ ಹೇಳಲೇ ಬ್ಯಾಡ,” ಎಂದ.

ಲಾರಿಯವರು ಕಿಸಕ್ಕೆಂದು ನಕ್ಕರು. ಎಂಥ ಮಾತು ಬಂತು ತನ್ನ ಬಾಯಿಂದ ಎಂದು ವಿದ್ಯಾಧೀಶನಿಗೂ ಹೆಮ್ಮೆಯಾಯಿತು. ಉಚ್ಚೆಂಗೆಪ್ಪ ನಗಲಿಲ್ಲ. ಲಾರಿಯವರನ್ನು ಸರಿಸಿಕೊಂಡು ಹೊರಗೆ ಹೋದ. ಆ ಮಾತನ್ನು ವಿದ್ಯಾಧೀಶ ಅಂದು ಊಟಕ್ಕೆ ಕೂತಾಗ ಅಕೌಂಟ್ಸಿನವರಿಗೂ ಹೇಳಿ ನಗಿಸಿದ.

ಮುಂದಿನ ಭಾನುವಾರ ಉಚ್ಚೆಂಗೆಪ್ಪ ಮನೆಗೇ ಬಂದ. ಹೊರಗಿನ ಕಟ್ಟೆಯ ಹತ್ತಿರ ನಿಂತು ಕೂಗಿದ. ಶ್ರೀಪ್ರಿಯಾ ಮಜ್ಜಿಗೆ ಕೊಟ್ಟು ಒಳಗೆ ಬಂದಳು.

“ಉಚ್ಚೆಂಗೆಪ್ಪ ಬಂದಾನ. ಮಾರಿ ಸಣ್ಣ ಮಾಡ್ಕೊಂಡು ನಿಂತಾನ. ನಿಮ್ಮ ಜೋಡಿ ಏನೋ ಮಾತಾಡಬೇಕಂತ.”

ವಿದ್ಯಾಧೀಶ ಪೇಪರ್ ಓದುತ್ತಿದ್ದ. “ಆಫೀಸಿನ ಮಾತು ಆಫೀಸಿನಾಗ. ನಾಳೆ ಬಾ ಅನ್ನು.”

“ಐದ ನಿಮಿಷ ಹೋಗಿ ಕೇಳ್ರಿ, ಏನಾಗ್ತದ? ನಾ ಹೆರೋ ಹೊತ್ತಿನಾಗ ಅವಾ ಬಂದಿಲ್ಲೇನು ಓಡಿಕೋತ?”

“ಅದಕ್ಕ ಜನ್ಮಪೂರ್ತಿ ಅವನ ಮುಂದ ಕುಂದ್ರಬೇಕೇನು?” ಎಂದು ಪೇಪರ್ ಮಗುಚಿದ. ಕಿಟಕಿ ತೆರೆದೇ ಇತ್ತು. ಹೊರಗೆ ಲೋಟ ಕಟ್ಟೆಯ ಮೇಲೆ ಇಟ್ಟ ಸಪ್ಪಳ ಕೇಳಿಸಿತು. ಶ್ರೀಪ್ರಿಯಾ ಹೋಗಿ ನೋಡುವಷ್ಟರಲ್ಲಿ ಉಚ್ಚೆಂಗೆಪ್ಪ ಓಣಿಯ ತಿರುವಿನಲ್ಲಿದ್ದ.

ದೀಪಾವಳಿಗೆ ಧಣಿ ಮಾತು ಉಳಿಸಿಕೊಂಡ. ವಡ್ಡುವಿನ ಹೊಸ ಯಾರ್ಡಿನಲ್ಲಿ ಪೂಜೆಯಾಯಿತು, ಎಲ್ಲರೆದುರು ವಿದ್ಯಾಧೀಶನಿಗೆ ಹಾರ ಬಿತ್ತು, ಜೀಪಿನ ಕೀ ಕೈಗೆ ಬಂತು. ಪರ್ಮಿಟ್ಟುಗಳ ಸಹಿಯೂ ಅವನ ಕೈಯಲ್ಲೇ ಉಳಿಯಿತು. ಪೂಜೆಗೆ ಬಂದ ಶ್ರೀಪ್ರಿಯಾಳನ್ನು ಯಾರೋ ಮ್ಯಾನೇಜರಮ್ಮ ಎಂದರು. ಉಚ್ಚೆಂಗೆಪ್ಪ ಧಣಿಯ ಕಾರಿಗೆ ಒರಗಿ ನಿಂತು ಎಲ್ಲವನ್ನೂ ನೋಡಿದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಈಗ ಇವನಿಗೆ ಬುದ್ಧಿ ಬಂದಿದೆ ಎಂದುಕೊಂಡ ವಿದ್ಯಾಧೀಶ.

ಹಳೆಯ ನಿಧಾನದ ದಿನಗಳಲ್ಲಿ, ಕಣ್ತಪ್ಪಿ ನಕಲು ಪರ್ಮಿಟ್ಟೊಂದು ಹೋಗಿದ್ದರೂ ಅಸಲಿನ ಲಾರಿ ಹೋಗಿ ಎಷ್ಟೋ ಹೊತ್ತಾದ ಮೇಲೆ ನಕಲಿನ ಲಾರಿ ಹೋಗುತ್ತಿತ್ತು. ದಾರಿಯಲ್ಲಿ ಅವು ಒಂದಕ್ಕೊಂದು ಮುಖ ನೋಡುತ್ತಿರಲಿಲ್ಲ. ಈಗ ವಿದ್ಯಾಧೀಶನ ಚುರುಕಿನಿಂದ ಎಲ್ಲವೂ ಒಂದರ ಹಿಂದೊಂದು ಹೊರಡುತ್ತಿದ್ದವು. ಹಬ್ಬ ಮುಗಿದು ಕೆಲವೇ ದಿನಕ್ಕೆ ಕುರೆಕುಪ್ಪದ ಹತ್ತಿರ ರಸ್ತೆ ಕಟ್ಟಿಕೊಂಡಿತು. ಮೈಲಿಗಟ್ಟಲೆ ಲಾರಿ. ಗಣಿ ಇಲಾಖೆಯಿಂದ ತಪಾಸಣೆಗೆ ಬಂದವರು ಬಿಸಿಲಲ್ಲಿ ಬೇರೆ ಕೆಲಸವಿಲ್ಲದೆ, ನಿಂತ ಲಾರಿಗಳ ಪರ್ಮಿಟ್ ಕೇಳುತ್ತ ಬಂದರು. ಒಂದಕ್ಕೊಂದು ಮೂತಿ ತಾಗಿಸಿ ನಿಂತಿದ್ದ ಎರಡು ಲಾರಿಗಳಲ್ಲಿ ಒಂದೇ ನಂಬರು ಸಿಕ್ಕಿತು. ಅವುಗಳ ಹಿಂದಿನ ಜೋಡಿಯಲ್ಲೂ ಸಿಕ್ಕಿತು. ಎಲ್ಲದರ ಮೇಲೂ ಅದೇ ದುಂಡನೆಯ ಸಹಿ, ಮಸಿ ಕೂಡ ಒಂದೇ.

ಧಣಿ ಕರೆಸಿದ. ಅವನ ಮೇಜಿನ ಎದುರು ವಿದ್ಯಾಧೀಶ ನಿಂತ. ಕೂರಲು ಏನೂ ಇರಲಿಲ್ಲ. ಧಣಿ ಮೊಬೈಲು ನೋಡುತ್ತಿದ್ದ.

“ಲಾರಿಯವರ ಜೋಡಿ ಸೇರಿ ನಾನೇ ಮಾಡೀನಿ, ಧಣಿಗೆ ಗೊತ್ತಿಲ್ಲ ಅಂತ ಪೊಲೀಸರ ಮುಂದ ಹೇಳ್ರಿ. ವಕೀಲರನ್ನ ಕಳಸ್ತೀನಿ. ಮನಿ ಕಡಿ ಚಿಂತಿ ಬ್ಯಾಡ.”

“ಧಣೇರ! ನಾ ಒಂದು ರೂಪಾಯಿ ಮುಟ್ಟಿಲ್ಲ. ಆ ಕಾಗದ ಇಟ್ಟವರು ನೀವು…”

“ಸಹಿ ಯಾರದು?”

“ನಂದ ಅದ. ಆದ್ರ ನಾ ಹೇಳೋದು ಕೇಳ್ರಿ, ನನಗ ಮಗಳಿದ್ದಾಳ, ನಾ ಒಲ್ಲೆ ಅಂದ್ರ…”

“ಒಲ್ಲೆ ಅಂದ್ರೂ ಸಹಿ ನಿಮ್ದ ಐತಿ.” ಧಣಿ ಮೊದಲ ಸಲ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದ. “ಆತು ಆಚಾರ್ರ, ನಿಮಿಷ ಮುಗೀತು. ಉಚ್ಚೆಂಗೆಪ್ಪ ಸ್ಟೇಷನ್ನಿಗೆ ಬಿಟ್ಟು ಬರ್ತಾನ.”

ಕಾರಿನಲ್ಲಿ ವಿದ್ಯಾಧೀಶ ಮುಂದಿನ ಸೀಟಿನಲ್ಲೇ ಕೂತ. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ಕೂತದ್ದು ಅದೇ. ಹೊರಗೆ ಗಿಡ, ಮನೆ, ದನ ಎಲ್ಲ ಅದಿರಿನ ಧೂಳಿಗೆ ಕೆಂಪು.

“ನೋಡಿದ್ಯೇನೋ ಉಚ್ಚೆಂಗೆಪ್ಪ, ಹೆಂಗ ಕುತ್ತಿಗಿ ಕೊಯ್ದ.”

“ಗೊತ್ತಿತ್ರಿ.”

“ಏನು ಗೊತ್ತಿತ್ತು?”

“ದಸರಾ ಮುಂದ ಧಣೇರು ವಕೀಲರನ್ನ ಕರಕೊಂಡು ಹಿಂದಿನ ಸೀಟಿನ್ಯಾಗ ಕುಂತಿದ್ರು. ಸಿಕ್ರ ಸಿಗಲಿ, ಆಚಾರಿ ಈಗ ಓದದೇ ಸಹಿ ಹಾಕ್ತಾನ, ಅವನ್ನ ಮುಂದ ಮಾಡೋಣು ಅಂದ್ರು. ಟ್ರೇನಿಂಗಿಗೆ ಕಳಿಸಿದ್ದು ಭಾಳ ಉಪಯೋಗ ಆತು ಅಂತ ನಕ್ರು. ಡ್ರೈವರಿಗೂ ಕಿವಿ ಇರ್ತಾವ ಅನ್ನೋದು ಅವರಿಗೆ ನೆನಪಿರಂಗಿಲ್ಲ.”

ವಿದ್ಯಾಧೀಶ ಪೂರ್ತಿ ಅವನ ಕಡೆ ತಿರುಗಿದ. “ಮತ್ತ ನನಗ ಯಾಕ ಹೇಳಲಿಲ್ಲೋ?”

“ಹೇಳಾಕ ಬಂದಿದ್ನೆಲ್ರಿ. ಆಫೀಸಿಗೂ ಬಂದೆ, ಮನಿಗೂ ಬಂದೆ.”

“ಎರಡ ಮಾತಿನಾಗ ಹೇಳಿಬಿಡಬೇಕಿತ್ತು! ಸಹಿ ಹಾಕಬ್ಯಾಡ್ರಿ ಅಂದಿದ್ರ ಸಾಕಿತ್ತಲ್ಲೋ!”

“ಹಿಂದ ಮೂರು ಮಂದಿ ಧಣೇರ ಲಾರಿಯವರು ನಿಂತಿದ್ರು. ಅವರ ಮುಂದ ನಿಂತ್ಕಂಡು ಅನ್ನೋ ಮಾತೇನ್ರಿ ಅದು? ನನಗೂ ಹೆಂಡ್ತಿ ಮಕ್ಕಳದಾರ.” ಉಚ್ಚೆಂಗೆಪ್ಪ ಎದುರಿನ ಲಾರಿಗೆ ದಾರಿ ಬಿಟ್ಟು, ಮತ್ತೆ ಹೇಳಿದ. “ಮನಿಗೆ ಬಂದಾಗ ಹೇಳಬೇಕಂತಾನಾ ಬಂದಿದ್ದೆ. ನೀವು ಒಳಗ ಅಂದಿದ್ದು ಕೇಳಸ್ತು. ಭಾಳ ಸಿಟ್ಟು ಬಂತು. ಆಮ್ಯಾಲ ಸಿಟ್ಟೂ ಹೋತು. ಅದು ಹೋದ ಮ್ಯಾಲೆ ನಿಮಗ ಹೇಳಬೇಕು ಅಂತ ಅನಸಲೇ ಇಲ್ಲ.”

ವಿದ್ಯಾಧೀಶ ಅಳತೊಡಗಿದ. ಕೂತಿದ್ದನಲ್ಲ, ಅಳು ಸಲೀಸಾಗಿ ಬಂತು. ಉಚ್ಚೆಂಗೆಪ್ಪ ಗಾಜು ಏರಿಸಿದ, ಧೂಳು ಬರುತ್ತದೆಂದು.

ಸ್ಟೇಷನ್ನಿನಲ್ಲಿ ಬರೆಯುವ ಪೇದೆಯ ಮೇಜಿನ ಎದುರು ಒಂದೇ ಕುರ್ಚಿ. ಹಬ್ಬ ಹಬ್ಬಕ್ಕೆ ಧಣಿಯ ಮನೆಯಿಂದ ಮಿಠಾಯಿ ಡಬ್ಬಿ ತರುವ ಉಚ್ಚೆಂಗೆಪ್ಪನನ್ನು ಅಲ್ಲಿ ಎಲ್ಲರೂ ಬಲ್ಲರು. ಅವನನ್ನು ಕಂಡದ್ದೇ ಪೇದೆಯ ಮುಖ ಅರಳಿತು.

“ಬಾರೋ ಉಚ್ಚೆಂಗೆಪ್ಪ! ಕುಂದ್ರು, ಕುಂದ್ರು. ಚಾ ಹೇಳ್ತೀನಿ.”

ಉಚ್ಚೆಂಗೆಪ್ಪ ಕುರ್ಚಿಯನ್ನು ನೋಡಿದ. ವಿದ್ಯಾಧೀಶನೂ ನೋಡಿದ. ಅವನು ತನಗೆ ಬಿಟ್ಟುಕೊಡುತ್ತಾನೆ ಎಂದು ವಿದ್ಯಾಧೀಶನಿಗೆ ಆಗಲೂ ಅನ್ನಿಸಿತು. ಉಚ್ಚೆಂಗೆಪ್ಪ ಟವೆಲ್ಲಿನಿಂದ ಕುರ್ಚಿಯ ಧೂಳು ಹೊಡೆದು, ಕೂತ.

“ಇವರಾ ಏನು?” ಪೇದೆ ವಿದ್ಯಾಧೀಶನ ಕಡೆ ತಿರುಗಿದ. “ಏನಾತು ಹೇಳ್ರಿ.”

ವಿದ್ಯಾಧೀಶ ಬಾಯಿ ತೆರೆದ. ಎಲ್ಲಿಂದ ಶುರು ಮಾಡಬೇಕು? ಹೋಟೆಲಿನಿಂದಲೋ, ಕೊಟ್ರಬಸಮ್ಮನಿಂದಲೋ, ಬೇವಿನ ಮರದ ಕೆಳಗೆ ಬಿದ್ದಿರುವ ಕುರ್ಚಿಯಿಂದಲೋ?

“ಸಾಹೇಬ್ರ, ಇದು… ಇದು ನಿಂತು ಹೇಳೋ ಮಾತಲ್ರಿ.”

ಪೇದೆ ಪೆನ್ನು ತಡೆದು, ಇನ್ನೊಂದು ಸ್ಟೂಲು ತರಿಸಬೇಕೇನೋ ಎಂಬಂತೆ ಒಳಗೆ ಇಣುಕಿದ. ಅಷ್ಟರಲ್ಲಿ ಬಂದ ಚಹಾವನ್ನು ಉಚ್ಚೆಂಗೆಪ್ಪ ಕಪ್ಪಿನಿಂದ ಬಸಿಗೆ ಸುರಿದುಕೊಳ್ಳುತ್ತಿದ್ದ. ತಲೆಯೆತ್ತಲಿಲ್ಲ.

“ಏನೂ ತರಸಬ್ಯಾಡ್ರಿ. ಜಲ್ದಿ ಬರಕಳ್ರಿ,” ಎಂದ. “ನಮ್ಮ ಸರ್‌ಗೆ ಒಂದು ನಿಮಿಷದ ಮ್ಯಾಲೆ ಮಾತಾಡಿದ್ರ ಆಗಂಗಿಲ್ಲ.”

ಪೇದೆ ನಕ್ಕು ಪೆನ್ನು ಎತ್ತಿಕೊಂಡು ಹೆಸರು ಕೇಳಿದ. ವಿದ್ಯಾಧೀಶ ನಿಂತುಕೊಂಡೇ ಹೇಳಿದ.